ಟೇಪನ್ನು ಬೈಯುವ ಮುನ್ನ

ಮಗೂ, ಹಳೇ ಟೇಪು ಓದಲಿಲ್ಲ ಅಂದ ಕೂಡಲೇ ‘ಕೆಟ್ಟುಹೋಗಿದೆ’ ಅಂತ ಕೈತೊಳೆದುಕೊಳ್ಳಬೇಡ. ನೀನು ಚುರುಕು, ನನಗೆ ಗೊತ್ತು. ನಿನ್ನ ಬೆರಳು ತಲೆಗಿಂತ ಮುಂಚೆ ಓಡುತ್ತವೆ, ಅದೂ ಗೊತ್ತು. ಮೊದಲು ಕಾರ್ಟ್ರಿಜ್ಜಿನ ರೈಟ್ ಪ್ರೊಟೆಕ್ಟ್ ಗುಂಡಿ ಸರಿಸು. ಉಳಿದದ್ದು ಆಮೇಲೆ.

ಲಿನಕ್ಸ್‌ನಲ್ಲಿ ‘ಕೆನಾಟ್ ಅಲೊಕೇಟ್ ಮೆಮೊರಿ’ ಅಂತ ಬಂದರೆ ನಿನ್ನ ವಯಸ್ಸಿನವರು ರ್‍ಯಾಮ್ ಹಾಕಿಸೋಕೆ ಹೊರಡುತ್ತಾರೆ. ಕೊರತೆ ರ್‍ಯಾಮಿನದಲ್ಲ. ಟೇಪಿನ ಮೇಲಿರುವ ಬ್ಲಾಕು ದೊಡ್ಡದು, ನೀನು ಒಡ್ಡಿದ ಬಫರ್ ಚಿಕ್ಕದು. ಪಾವಿನಲ್ಲಿ ಸೇರು ಹಿಡಿಸೀತೇ? ಫೈಲುಗಳನ್ನು ಕಟ್ಟಿ ಬಿಚ್ಚುವ ಟಾರ್ ಪ್ರೋಗ್ರಾಮನ್ನು ಅದರ ಪಾಡಿಗೆ ಬಿಟ್ಟರೆ 512 ಬೈಟಿನ 20 ತುಂಡು, ಅಂದರೆ 10,240 ಬೈಟನ್ನಷ್ಟೇ ಒಂದು ಸಲಕ್ಕೆ ಕೇಳುತ್ತದೆ. ಊಹೆ ಬೇಡ, ಅಳೆದು ನೋಡು. ಟೇಪ್ ಡ್ರೈವನ್ನು ನಿಯಂತ್ರಿಸುವ ಎಂಟಿ ಕಮಾಂಡಿನಲ್ಲಿ ಬ್ಲಾಕ್ ಸೈಜನ್ನು ಸೊನ್ನೆಗೆ ಇಡು. ನಕಲು ಮಾಡುವ ಡಿಡಿ ಕಮಾಂಡಿಗೆ 1 ಎಂಬಿ ಬಫರ್ ಕೊಟ್ಟು ಒಂದೇ ಒಂದು ಬ್ಲಾಕು ಓದಿಸಿ ಫೈಲಿಗೆ ಹಾಕು. ಆ ಫೈಲು ಎಷ್ಟು ದೊಡ್ಡದೋ ಬ್ಲಾಕೂ ಅಷ್ಟೇ. ಟೇಪನ್ನು ಮತ್ತೆ ಮೊದಲಿಗೆ ಸುತ್ತಿಸೋದು ಮರೆತೀಯ, ಜೋಕೆ.

ಇನ್ನು ಕೆಲವು ಆಪರೇಟಿಂಗ್ ಸಿಸ್ಟಮ್‌ಗಳು ‘ಒಂದು ಸಲಕ್ಕೆ ಇಷ್ಟೇ’ ಅಂತ ಗೆರೆ ಎಳೆದಿರುತ್ತವೆ. ಓಪನ್‌ಬಿಎಸ್‌ಡಿಯದು 64 ಕೆಬಿ. ಫ್ರೀಬಿಎಸ್‌ಡಿ ಬಹುಕಾಲ 128 ಕೆಬಿಯಲ್ಲಿತ್ತು, 13ನೇ ಆವೃತ್ತಿಯಲ್ಲಿ 64 ಬಿಟ್ ಯಂತ್ರಗಳಿಗೆ 1 ಎಂಬಿಗೆ ಏರಿತು. ನಿನಗೆ ಇಂಥ ಗೆರೆ ಅಡ್ಡ ಬಂದರೆ ಕರ್ನಲ್ ಕೆದಕುತ್ತಾ ರಾತ್ರಿ ಕಳೆಯಬೇಡ. ಡ್ರೈವನ್ನು ಲಿನಕ್ಸ್ ಯಂತ್ರಕ್ಕೆ ಸಿಕ್ಕಿಸು. ಅಲ್ಲಿ ಡಿಡಿ ದೊಡ್ಡ ಬ್ಲಾಕಿನಲ್ಲಿ ಓದಲಿ, ಎಸ್‌ಎಸ್‌ಎಚ್ ಪೈಪಿನಲ್ಲಿ ನಿನ್ನ ಕಡೆಗೆ ಹರಿಸಲಿ. ಪೈಪಿಗೆ ಬ್ಲಾಕಿನ ಗಡಿ ಇಲ್ಲ, ಬರೀ ಬೈಟು. ಟಾರ್‌ಗೆ ಅಷ್ಟೇ ಸಾಕು.

ಬರೆಯುವಾಗ ಮಾತ್ರ ಪೈಪಿನ ಇದೇ ಗುಣ ಕೈಕೊಡುತ್ತದೆ. ಪೈಪಿನಲ್ಲಿ ಬಂದದ್ದನ್ನು ಡಿಡಿಗೆ ಬ್ಲಾಕ್ ಸೈಜಿನ ‘ಬಿಎಸ್’ ಆಯ್ಕೆ ಹೇಳಿ ಟೇಪಿಗೆ ಬಿಟ್ಟರೆ, ಬಂದ ತುಣುಕು ಬಂದಷ್ಟೇ ಗಾತ್ರದ ಬ್ಲಾಕಾಗಿ ಕೂರುತ್ತದೆ. ಒಂದು ದೊಡ್ಡದು, ಒಂದು ಸಣ್ಣದು. ಅದರ ಬದಲು ಔಟ್‌ಪುಟ್ ಬ್ಲಾಕಿನ ‘ಒಬಿಎಸ್’ ಹೇಳು. ಆಗ ಡಿಡಿ ಬಫರ್ ತುಂಬುವ ತನಕ ಕಾದು ಒಂದೇ ಅಳತೆಯಲ್ಲಿ ಬರೆಯುತ್ತದೆ. ಕಾಯೋದು ನಿನಗೆ ಆಗದಿದ್ದರೂ ಅದಕ್ಕೆ ಆಗುತ್ತದೆ ಬಿಡು.

ಬ್ಲಾಕ್ ಸೈಜು 256 ಕೆಬಿ ಇಟ್ಟರೆ ಓಟ ಜೋರು ಅಂತೀಯ. ಇಲ್ಲ ಅನ್ನೋದಿಲ್ಲ. ಆದರೆ ಹತ್ತು ವರ್ಷ ಕಳೆದ ಮೇಲೆ ಆ ಟೇಪನ್ನು ಓದಬೇಕಾದವರ ಹತ್ತಿರ ಯಾವ ಯಂತ್ರ ಇರುತ್ತದೆ ಅಂತ ಯೋಚಿಸಿದ್ದೀಯಾ? ನಾಲ್ಕು ಕೈ ದಾಟಬೇಕಾದ ಟೇಪಿಗೆ 64 ಕೆಬಿಗಿಂತ ಮೇಲೆ ಹೋಗಬೇಡ. ಬಾಕ್ಯುಲಾ ಬ್ಯಾಕಪ್ ತಂತ್ರಾಂಶ ಕಟ್ಟಿದವರೂ ಡೀಫಾಲ್ಟನ್ನು 64,512 ಬೈಟಿಗೆ ನಿಲ್ಲಿಸಿದ್ದಾರೆ.

ಲೇಬಲ್ಲಿನ ಮೇಲೆ ತಾರೀಖಿನ ಪಕ್ಕದಲ್ಲೇ ಬ್ಲಾಕ್ ಸೈಜನ್ನೂ, ಯಾವ ಪ್ರೋಗ್ರಾಮಿನಲ್ಲಿ ಬರೆದೆ ಅನ್ನೋದನ್ನೂ ಬರೆ. ಬರೆದ ಯಂತ್ರದಲ್ಲೇ ಓದಿಸಿ ಸಮಾಧಾನಪಟ್ಟುಕೊಳ್ಳಬೇಡ. ಬೇರೆ ಯಂತ್ರಕ್ಕೆ ಹಾಕಿ ಒಂದು ಫೈಲನ್ನಾದರೂ ವಾಪಸ್ ತೆಗೆ, ತೆರೆದು ನೋಡು, ಆಮೇಲೆ ಊಟಕ್ಕೆ ಹೋಗು.