ಮೊಟ್ಟೆ ಇದ್ದೂ ಹಕ್ಕಿಗೆ ಹಸಿವು

ಪ್ರಶ್ನೆ: ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೆ ಬಂದಿದ್ದೇನೆ. ಮೇ ಕೊನೆಯ ವಾರ ಡೆಲವೇರ್ ಕೊಲ್ಲಿಯ ರೀಡ್ಸ್ ಬೀಚ್‌ಗೆ ಹೋದರೆ ಮರಳಿಗೆ ಇಳಿಯಲು ಬಿಡಲಿಲ್ಲ, ಹಕ್ಕಿಗಳು ಮೇಯುತ್ತಿವೆ ಎಂದರು. ದಂಡೆಯ ತುಂಬ ಕುದುರೆ ಲಾಳದ ಏಡಿಗಳಿದ್ದವು. ಇಷ್ಟು ಏಡಿಗಳಿದ್ದೂ ಹಕ್ಕಿ ಕಡಿಮೆಯಾಗಿದ್ದೇಕೆ? ಅಂಗಾತ ಬಿದ್ದ ಏಡಿಗಳನ್ನು ಮುಟ್ಟಬಹುದೇ?

– ಓದುಗರು, ಮೈಸೂರು

ಉತ್ತರ: ಅಲ್ಲಿ ನಿಮಗೆ ಕಂಡ ಇಟ್ಟಿಗೆಗೆಂಪು ಎದೆಯ ಹಕ್ಕಿ ರೆಡ್ ನಾಟ್. ದಕ್ಷಿಣ ಅಮೆರಿಕದ ತುದಿಯ ಟಿಯೆರಾ ಡೆಲ್ ಫ್ಯೂಗೊದಿಂದ ಹೊರಟು, ಸುಮಾರು 15,000 ಕಿ.ಮೀ. ದೂರದ ಕೆನಡಾದ ಆರ್ಕ್ಟಿಕ್‌ನಲ್ಲಿ ಮರಿ ಮಾಡುತ್ತದೆ. ಕೊಲ್ಲಿಗೆ ಇಳಿಯುವಾಗ ಎಲುಬಿನ ಹಂದರ. ಸುಮಾರು ಎರಡು ವಾರದಲ್ಲಿ ತೂಕ ಹೆಚ್ಚುಕಡಿಮೆ ದುಪ್ಪಟ್ಟಾಗಬೇಕು. ದೂರ ಹಾರುವಾಗ ಅದರ ಜಠರವೂ ಕುಗ್ಗಿರುವುದರಿಂದ ಗಟ್ಟಿ ಚಿಪ್ಪಿನ ಆಹಾರ ಅರಗುವುದು ಕಷ್ಟ. ಏಡಿಯ ಮೆತ್ತನೆಯ ಹಸಿರು ಮೊಟ್ಟೆ ಬೇಕೇ ಬೇಕು.

ನಿಮ್ಮ ಪ್ರಶ್ನೆಯ ತಿರುಳು ಇರುವುದು ಮುಂದಿನ ಮಾತಿನಲ್ಲಿ. ಹೆಣ್ಣೇಡಿ ಗೇಣುದ್ದ ಆಳದಲ್ಲಿ ಸಾವಿರಾರು ಮೊಟ್ಟೆ ಹೂಳುತ್ತದೆ. ರೆಡ್ ನಾಟ್‌ನ ಕೊಕ್ಕು ಅಲ್ಲಿಗೆ ಎಟುಕದು. ಮತ್ತೊಂದು ಏಡಿ ಅದೇ ಜಾಗ ಅಗೆದಾಗ, ಅಲೆ ಕಲಕಿದಾಗ ಮೇಲೆ ಬಂದದ್ದಷ್ಟೇ ಹಕ್ಕಿಯ ಪಾಲು. ಏಡಿಗಳು ಒಂದರ ಮೇಲೊಂದು ನುಗ್ಗುವಷ್ಟು ಇದ್ದರೆ ಮಾತ್ರ ಅದರ ಹೊಟ್ಟೆ ತುಂಬೀತು. 1990ರ ದಶಕದಲ್ಲಿ ಹಾವುಮೀನು, ಸಮುದ್ರದ ಶಂಖಗಳನ್ನು ಹಿಡಿಯುವ ಬಲೆಗೂಡುಗಳಿಗೆ ಎರೆಯಾಗಿ ವರ್ಷಕ್ಕೆ 20 ಲಕ್ಷಕ್ಕೂ ಮೀರಿ ಏಡಿಗಳನ್ನು ಹಿಡಿದರು. ನ್ಯೂಜೆರ್ಸಿ 2008ರಲ್ಲಿ ಇದನ್ನು ನಿಲ್ಲಿಸಿತು. ಆದರೆ ಏಡಿ ಪ್ರಾಯಕ್ಕೆ ಬರಲು ಒಂಬತ್ತು–ಹತ್ತು ವರ್ಷ ಬೇಕು. 1980ರ ದಶಕದಲ್ಲಿ ಕೊಲ್ಲಿಯಲ್ಲಿ 90,000ಕ್ಕೂ ಹೆಚ್ಚು ರೆಡ್ ನಾಟ್ ಎಣಿಸಿದ್ದರು, 2021ರಲ್ಲಿ 7,000ಕ್ಕೂ ಕಡಿಮೆ. ಏಡಿಯ ಸಂತತಿ ಉಳಿದಿದೆಯಲ್ಲ ಎಂದು ಸಮಾಧಾನ ಪಡುವುದು ನನ್ನ ದೃಷ್ಟಿಯಲ್ಲಿ ತಪ್ಪು ಲೆಕ್ಕ. ಮರಳಿನ ಮೇಲೆ ಎಷ್ಟು ಮೊಟ್ಟೆ ಸಿಗುತ್ತದೆ ಎಂಬುದನ್ನೇ ಅಳೆಯಬೇಕು.

ದಂಡೆ ತೆರೆದಿರುವಾಗ ಅಂಗಾತ ಬಿದ್ದ ಏಡಿಯನ್ನು ಧಾರಾಳವಾಗಿ ಮಗುಚಿ, ಅದು ಕಚ್ಚುವುದಿಲ್ಲ. ಬಾಲ ಹಿಡಿದು ಮಾತ್ರ ಎಳೆಯಬೇಡಿ; ಚಿಪ್ಪಿನ ಅಂಚು ಹಿಡಿಯಿರಿ.

ಪ್ರಶ್ನೆ: ನಮ್ಮ ಚುಚ್ಚುಮದ್ದುಗಳಿಗೂ ಈ ಏಡಿಯ ರಕ್ತ ಬೇಕಂತೆ, ನಿಜವೇ?

– ಫಾರ್ಮಸಿ ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ನಿಜ. ಔಷಧದಲ್ಲಿ ಬ್ಯಾಕ್ಟೀರಿಯಾದ ವಿಷಾಂಶವಿದ್ದರೆ ಏಡಿಯ ನೀಲಿ ರಕ್ತದಿಂದ ತಯಾರಿಸಿದ ದ್ರಾವಣ ಹೆಪ್ಪುಗಟ್ಟಿ ತೋರಿಸಿಕೊಡುತ್ತದೆ. ರಕ್ತ ತೆಗೆದು ಸಮುದ್ರಕ್ಕೆ ಬಿಟ್ಟರೂ ಒಂದಷ್ಟು ಸಾಯುತ್ತವೆ. ಇದಕ್ಕೆ ಬದಲಿಯಾಗಿ ಸಿಂಗಪುರದ ವಿಜ್ಞಾನಿಗಳು ರೂಪಿಸಿದ ರೀಕಾಂಬಿನಂಟ್ ಫ್ಯಾಕ್ಟರ್ ಸಿ ಇದೆ. ಅದರಿಂದಲೇ ಪರೀಕ್ಷಿಸಿದ ಎಲಿ ಲಿಲ್ಲಿ ಕಂಪನಿಯ ಮೈಗ್ರೇನ್ ಚುಚ್ಚುಮದ್ದಿಗೆ ಅಮೆರಿಕ 2018ರಲ್ಲೇ ಅನುಮತಿ ಕೊಟ್ಟಿದೆ. ನಿಮ್ಮ ಪ್ರಯೋಗಾಲಯದಲ್ಲಿ ಯಾವುದನ್ನು ಬಳಸುತ್ತಾರೆಂದು ಅಧ್ಯಾಪಕರನ್ನು ಕೇಳಿ.