ಅಂಜುವ ನಾಯಿಗೆ ಅವಸರ ಆಗದು

ತಮ್ಮಾ, ಮುಧೋಳ ತಳಿಯ ಮರಿ ತಂದಿದ್ದೀಯಂತೆ. ಛಲೋ ಆಯಿತು. ಆದರೆ ತಂದು ವಾರ ಕಳೆದಿಲ್ಲ, ಆಗಲೇ ‘ಇದು ಬರೀ ಪುಕ್ಕಲು, ಹೊರಸಿನ ಕೆಳಗಿಂದ ಈಚೆ ಬರೋದೇ ಇಲ್ಲ’ ಅಂತ ಓಣಿಯೆಲ್ಲ ಡಂಗುರ ಸಾರುತ್ತಿದ್ದೀ. ಹುಡುಗ ಜಾಣನೇ, ತಾಳ್ಮೆ ಮಾತ್ರ ಕಡಿಮೆ. ಕೂಡು, ನಾಲ್ಕು ಮಾತು ಹೇಳುತ್ತೇನೆ.

ನೀನು ಕೇಳಿದ್ದು ಆ ತಳಿಯ ಹೆಸರು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, 2016ರಲ್ಲಿ ತಿಮ್ಮಾಪುರದ ಶ್ವಾನ ಕೇಂದ್ರದಿಂದ ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೆ ಹೋದವು, 2020ರಲ್ಲಿ ಪ್ರಧಾನಿ ರೇಡಿಯೊದಲ್ಲಿ ಹೊಗಳಿದರು. ಎಲ್ಲ ಖರೆ. ಸ್ವಭಾವವನ್ನು ಕೇಳಿದ್ದೀಯೇನು? ಅದು ಕಣ್ಣಿನ ನೋಟದಿಂದ ಬೇಟೆಯಾಡುವ ನಾಯಿ, ಬಲು ಸೂಕ್ಷ್ಮ. ಗುರುತಿಲ್ಲದವರು ಮೈ ಮುಟ್ಟಿದರೆ ಅದಕ್ಕೆ ಸೇರದು. ಮೇಲಾಗಿ ಹುಟ್ಟಿದ ಮೂರನೇ ವಾರದಿಂದ ಸುಮಾರು ಮೂರು ತಿಂಗಳವರೆಗೆ ಏನೇನು ಕಂಡಿತೋ ಅದನ್ನೇ ಮರಿ ತನ್ನ ಲೋಕ ಅಂದುಕೊಳ್ಳುತ್ತದೆ. ಕುರಿಗಾರರು ಎಳೆ ಮರಿಯನ್ನು ಹಟ್ಟಿಯಲ್ಲೇ ಬಿಟ್ಟು ಬೆಳೆಸುವುದು ಇದಕ್ಕೇ. ಆ ದಿನಗಳನ್ನು ಕತ್ತಲೆ ಮೂಲೆಯಲ್ಲಿ ಸರಪಳಿಗೆ ಬಿದ್ದು ಕಳೆದ ಮರಿಗೆ ನಿಮ್ಮ ಮನೆಯ ಮಿಕ್ಸರ್ ಕೂಡ ದೆವ್ವವೇ.

ಈಗ ಮೊದಲ ಪಾಠ, ಅದೂ ನಿನಗೆ. ಪಡಸಾಲೆಯಲ್ಲಿ ನೆಲದ ಮೇಲೆ ಅದಕ್ಕೆ ಓರೆಯಾಗಿ ಕೂಡು. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡ, ತಲೆಯ ಮೇಲೆ ಕೈ ಚಾಚಬೇಡ. ಬೇಯಿಸಿದ ಕೋಳಿಯೋ ಮೊಟ್ಟೆಯೋ ಕಡ್ಲಿಕಾಳಿನಷ್ಟು ಮುರಿದು ಅದರ ಹತ್ತಿರ ಎಸೆ. ಸಪ್ಪಗಿರಲಿ, ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿಗೆ ವಿಷ. ಒಂದು ಹೆಜ್ಜೆ ಮುಂದಿಟ್ಟಿತೋ, ‘ಭಲೇ’ ಅನ್ನು, ಅನ್ನುತ್ತಲೇ ತುಣುಕು ಕೊಡು. ತಡಮಾಡಿದರೆ ಯಾತಕ್ಕೆ ಸಿಕ್ಕಿತೆಂದು ಅದಕ್ಕೆ ತಿಳಿಯದು. ಮನೆಮಂದಿಯೆಲ್ಲ ಅದೇ ಮಾತು ಅನ್ನಲಿ. ಬಂದು ಕೈ ಮೂಸಿ ವಾಪಸು ಓಡಿತೇ? ಓಡಲಿ. ಓಡುವುದಕ್ಕೆ ಹಾದಿ ಉಂಟು ಅಂತ ಗೊತ್ತಾದ ನಾಯಿಯೇ ಮರಳಿ ಬರುವುದು.

ಅದರ ಮೈಭಾಷೆ ಕಲಿ. ನಿದ್ದೆಯಿಲ್ಲದೆ ಆಕಳಿಸಿದರೆ, ತುಟಿ ನೆಕ್ಕಿಕೊಂಡರೆ, ಬಾಲ ಹೊಟ್ಟೆಗೆ ಅವಚಿಕೊಂಡರೆ, ಕಣ್ಣಿನ ಬಿಳಿ ಕಂಡರೆ ‘ಸಾಕು, ದೂರ ಸರಿ’ ಅನ್ನುತ್ತಿದೆ. ಗುರ್ ಅಂದರೂ ಗದರಬೇಡ. ಗುರುಗುಟ್ಟುವುದು ಎಚ್ಚರಿಕೆಯ ಮಾತು. ಅದನ್ನು ಬಡಿದು ಬಾಯಿ ಮುಚ್ಚಿಸಿದರೆ ನಾಳೆ ಹೇಳದೆ ಕೇಳದೆ ಕಚ್ಚುತ್ತದೆ. ಬೊಗಳುವ ನಾಯಿ ಕಚ್ಚುವುದಿಲ್ಲ ಅನ್ನುವ ಗಾದೆಯನ್ನು ನಂಬಿ ಅಂಜಿದ ನಾಯಿಯನ್ನು ಮೂಲೆಗೊತ್ತಬೇಡ. ‘ಅಂಜಿದಾಗ ರಮಿಸಿದರೆ ಅಂಜಿಕೆ ಹೆಚ್ಚುತ್ತದೆ’ ಅನ್ನುವವರ ಮಾತಿಗೂ ಕಿವಿಗೊಡಬೇಡ. ತಾನಾಗಿ ನಿನ್ನ ಮಗ್ಗುಲಿಗೆ ಬಂದರೆ ಕೂಡಿಸಿಕೋ.

ಇನ್ನು ಸದ್ದಿನ ಅಂಜಿಕೆ. ನಮ್ಮ ಸಿಂಗಟಾಲೂರಿನ ವೀರಭದ್ರೇಶ್ವರ ಜಾತ್ರೆ ಅಂದರೆ ಸುಮ್ಮನೇ ಏನು? ಸಮಾಳ ವಾದ್ಯದ ಪೆಟ್ಟಿಗೆ ನಮ್ಮ ಎದೆಯೇ ನಡುಗುತ್ತದೆ. ಅದಕ್ಕೆ ಇವತ್ತಿನಿಂದಲೇ ತಯಾರಿ ಮಾಡು. ಸಮಾಳದ ಸದ್ದನ್ನು ಮೊಬೈಲಿನಲ್ಲಿ ಹಚ್ಚು, ಅದರ ಕಿವಿ ಅಲುಗುವಷ್ಟೇ ಸಣ್ಣಗೆ. ಮೊದಲು ಸದ್ದು, ಆಮೇಲೆ ತುಣುಕು. ಸದ್ದು ನಿಂತಿತು, ತಿನಿಸೂ ನಿಂತಿತು. ಈ ಕ್ರಮ ತಪ್ಪಿಸಬೇಡ. ತಿಂದ ಮೇಲೆ ಸದ್ದು ಬಂದರೆ ತಿನಿಸನ್ನು ಕಂಡೇ ಅಂಜಲು ಕಲಿಯುತ್ತದೆ. ಕೊಟ್ಟದ್ದನ್ನು ತಿನ್ನದೆ ನಿಂತರೆ ಸದ್ದು ಹೆಚ್ಚಾಯಿತೆಂದೇ ಲೆಕ್ಕ, ಇಳಿಸು. ಸಮಾಳ ಕೇಳಿ ನಿನ್ನ ಕೈ ನೋಡತೊಡಗಿದಾಗ ಒಂದು ಕೂದಲೆಳೆ ಏರಿಸು. ಜಾತ್ರೆಯ ದಿನ ಮಾತ್ರ ಶೂರತನ ತೋರಿಸಲು ತೇರಿನ ಮುಂದೆ ಎಳೆದೊಯ್ಯಬೇಡ. ಒಳಕೋಣೆಯಲ್ಲಿ ಬಾಗಿಲು ಹಾಕಿ, ಮನೆಯವರೊಬ್ಬರು ಜೊತೆಗಿರಲಿ.

ಇದ್ದಕ್ಕಿದ್ದಂತೆ ಅಂಜಿಕೆ ಹೆಚ್ಚಿದರೆ ಎಲ್ಲೋ ನೋವಿರಬಹುದು. ಕಿವಿ ಸೋರಿದರೂ, ಕೀಲು ನೊಂದರೂ ನಾಯಿ ಮುಟ್ಟಗೊಡದು. ಮುಂಡರಗಿಯ ಪಶು ಆಸ್ಪತ್ರೆಗೆ ತೋರಿಸು. ಅಲ್ಲಿ ತಿಳಿಯದಿದ್ದರೆ ಗದಗಿನ ಪಶುವೈದ್ಯಕೀಯ ಕಾಲೇಜಿದೆ. ಮೂರು ತಿಂಗಳಿಗೆ ರೇಬೀಸ್ ಲಸಿಕೆ ತಪ್ಪಿಸಬೇಡ. ಹಲ್ಲು ತಾಗಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅವತ್ತೇ ದವಾಖಾನೆಗೆ ಹೋಗು. ಅರಿಸಿನ ಮೆತ್ತಿ ಕೂಡಬೇಡ.

ಎಷ್ಟು ದಿನ ಬೇಕು ಅಂತ ಕೇಳುತ್ತೀ, ಗೊತ್ತು. ಅದನ್ನು ನಾಯಿಯೇ ಹೇಳಬೇಕು. ಕೆಲವು ತಿಂಗಳಲ್ಲಿ ಬಿಚ್ಚಿಕೊಳ್ಳುತ್ತವೆ, ಕೆಲವಕ್ಕೆ ವರುಷ ಹಿಡಿಯುತ್ತದೆ, ಕೆಲವು ಅಪರಿಚಿತರನ್ನು ಕಂಡರೆ ಕೊನೆತನಕ ಹಿಂದೆ ಸರಿಯುತ್ತವೆ. ಹಾಗೆ ಸರಿದರೆ ಅದು ಕೆಟ್ಟ ನಾಯಿಯೇನಲ್ಲ. ಬಂದವರಿಗೆಲ್ಲ ‘ಮುಟ್ಟಿ ನೋಡ್ರಿ’ ಅನ್ನುವ ನಿನ್ನ ಚಟ ಬಿಟ್ಟರಾಯಿತು. ಹೆದರಿದ ಜೀವವನ್ನು ಬಡಿಗೆಯಿಂದ ಬಗ್ಗಿಸುವುದಕ್ಕೆ ಯಾರಾದರೂ ಸೈ; ಅದು ತಾನಾಗಿ ನಂಬುವಂತೆ ನಡೆದುಕೊಳ್ಳಲು ಗಟ್ಟಿ ಮನಸ್ಸು ಬೇಕು, ಅದು ನಿನ್ನಲ್ಲಿದೆ. ಮುಂಜಾನೆ ಐದು ನಿಮಿಷ, ಸಂಜೆ ಐದು ನಿಮಿಷ ಕೂಡು. ಚೆನ್ನಾಗಿ ನಡೆಯುತ್ತಿರುವಾಗಲೇ ನಿಲ್ಲಿಸು. ದಿನ ಮಾತ್ರ ತಪ್ಪಿಸಬೇಡ.