ಪಾಠ: ಹಲ್ಲು ಎಣಿಸಿದರೆ ಸಾಲದು – ಸಂಘದ ಯಂತ್ರಕ್ಕೆ ಉಕ್ಕಿನ ಗಿಯರ್ ಆರಿಸುವುದು ಹೇಗೆ?



ಉಳಿತಾಯ, ಸಾಲ, ಮರುಪಾವತಿ ಇವುಗಳ ಜೊತೆಗೆ ಈಗ ಅನೇಕ ಸಂಘಗಳು ಶ್ಯಾವಿಗೆ, ಹಪ್ಪಳ, ರೊಟ್ಟಿ ಮಾಡುವ ಸಣ್ಣ ಮೋಟಾರು ಯಂತ್ರಗಳನ್ನೂ ಹಾಕಿಕೊಂಡಿವೆ. ಯಂತ್ರ ಓಡಿದರೆ ಸಂತೋಷ. ಆದರೆ ಒಂದು ಮಾತು ಮರೆಯಬಾರದು: ಯಂತ್ರ ನಿಂತರೂ ಸಾಲದ ಕಂತು ನಿಲ್ಲೋದಿಲ್ಲ. ಯಂತ್ರ ನಿಲ್ಲಲು ಮೋಟಾರೇ ಸುಡಬೇಕೆಂದಿಲ್ಲ, ಅಂಗೈಯಗಲದ ಒಂದು ಗಿಯರಿನ ಹಲ್ಲು ಮುರಿದರೂ ಸಾಕು. ಆದ್ದರಿಂದ ಈ ತಿಂಗಳ ಪಾಠದಲ್ಲಿ ಗಿಯರ್ ಬಗ್ಗೆ ತಿಳಿದುಕೊಳ್ಳೋಣ.

ಒಂದು ಸಂಘದ ಕಥೆ

ಒಂದು ಹಳ್ಳಿಯ ಸಂಘದವರು ಹಳೇ ಶ್ಯಾವಿಗೆ ಯಂತ್ರ ಕೊಂಡಿದ್ದರು ಎಂದು ಇಟ್ಟುಕೊಳ್ಳಿ. ಬೇಸಿಗೆ, ಮದುವೆ ಕಾಲ. ಊರಿನವರೆಲ್ಲ ಹಿಟ್ಟು ತಂದು ಸಾಲು ಹಚ್ಚಿದ್ದಾರೆ. ಅಷ್ಟರಲ್ಲಿ ಸಣ್ಣ ಗಿಯರ್ ಸವೆದು ಸದ್ದು ಮಾಡತೊಡಗಿತು. ಇಬ್ಬರು ಸದಸ್ಯೆಯರು ಅದನ್ನು ಬಿಚ್ಚಿಸಿಕೊಂಡು ಪೇಟೆಗೆ ಹೋದರು.

“ಅಣ್ಣಾರ, ಇದು ನಮ್ಮ ದೊಡ್ಡ ಗಿಯರಿಗೆ ಹೊಂದತೈತೇನ್ರಿ?”

“ಹೊಂದತೈತ್ರಿ ಅಕ್ಕಾರ. ಹಲ್ಲು ಎಣಿಸೇನಿ, ಹದಿನೆಂಟಕ್ಕ ಹದಿನೆಂಟು ಅದಾವ.”

ಹಲ್ಲು ಸರಿಯಾಗಿಯೇ ಇದ್ದವು. ಆದರೂ ಹೊಸ ಗಿಯರ್ ಮೊದಲ ದಿನದಿಂದಲೇ ಕಿರುಗುಟ್ಟಿತು. ಮೂರು ವಾರಕ್ಕೆ ನಾಲ್ಕು ಹಲ್ಲು ಒಟ್ಟಿಗೆ ಹಾರಿದವು. ತಪ್ಪು ಎಲ್ಲಿತ್ತು? ಪಾಠ ಮುಗಿಯುವಷ್ಟರಲ್ಲಿ ನೀವೇ ಹೇಳುತ್ತೀರಿ.

1. ಗಿಯರ್ ಯಾಕೆ ಬೇಕು?

ಸಾಮಾನ್ಯವಾಗಿ ನಮ್ಮ ಸಣ್ಣ ಮೋಟಾರು ನಿಮಿಷಕ್ಕೆ ಸುಮಾರು 1440 ಸುತ್ತು ತಿರುಗುತ್ತದೆ. ಹಿಟ್ಟು ಒತ್ತುವ ಸ್ಕ್ರೂಗೆ ಅಷ್ಟು ವೇಗ ಬೇಡ, ಬಲ ಬೇಕು. ವೇಗ ಕಡಿಮೆ ಮಾಡಿದಷ್ಟು ಬಲ ಹೆಚ್ಚುತ್ತದೆ.

ಉದಾಹರಣೆಗೆ ಮೋಟಾರಿನ ಪುಲ್ಲಿ 3 ಇಂಚು, ಯಂತ್ರದ ಪುಲ್ಲಿ 12 ಇಂಚು ಇದ್ದರೆ ಬೆಲ್ಟಿನಲ್ಲೇ ವೇಗ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ: 1440 ಭಾಗಿಸು 4 = 360. ಆಮೇಲೆ 18 ಹಲ್ಲಿನ ಸಣ್ಣ ಗಿಯರ್ 72 ಹಲ್ಲಿನ ದೊಡ್ಡ ಗಿಯರನ್ನು ತಿರುಗಿಸಿದರೆ ಮತ್ತೆ ನಾಲ್ಕನೇ ಒಂದು ಭಾಗ: 360 ಭಾಗಿಸು 4 = 90. ಅಂದರೆ ಸ್ಕ್ರೂ ನಿಮಿಷಕ್ಕೆ 90 ಸುತ್ತು ತಿರುಗುತ್ತದೆ. ವೇಗ 16 ಪಟ್ಟು ಇಳಿಯಿತು, ತಿರುಗಿಸುವ ಬಲ ಹೆಚ್ಚುಕಡಿಮೆ 16 ಪಟ್ಟು ಏರಿತು.

ಈ ಬಲವೆಲ್ಲ ಹಾದುಹೋಗುವುದು ಒಂದೆರಡು ಹಲ್ಲಿನ ಮೂಲಕ. ಅರ್ಧ ಎಚ್.ಪಿ. ಮೋಟಾರು ಪೂರ್ತಿ ದುಡಿಯುವಾಗ ಇಂಥ ಯಂತ್ರದಲ್ಲಿ ಹಲ್ಲಿನ ಮೇಲೆ ಬೀಳುವ ಒತ್ತಡ 50 ಕಿಲೋಗಿಂತ ಹೆಚ್ಚು. ಅಂದರೆ ಬೆರಳಗಲದ ಹಲ್ಲು ಒಂದು ಸಿಮೆಂಟ್ ಚೀಲ ಹೊತ್ತಂತೆ! ಗಟ್ಟಿ ಹಿಟ್ಟು ಸಿಕ್ಕಿಕೊಂಡರೆ ಇನ್ನೂ ಹೆಚ್ಚು.

2. ಹಲ್ಲಿನ ಅಳತೆ – ‘ಮಾಡ್ಯೂಲ್’

ಇದೇ ಪಾಠದ ಮುಖ್ಯ ಭಾಗ. ಹಲ್ಲು ಎಷ್ಟು ಎಂಬುದು ಒಂದು ಲೆಕ್ಕ, ಹಲ್ಲು ಎಷ್ಟು ದಪ್ಪ ಎಂಬುದು ಇನ್ನೊಂದು ಲೆಕ್ಕ. ಈ ದಪ್ಪದ ಅಳತೆಗೆ ಮಾಡ್ಯೂಲ್ ಎನ್ನುತ್ತಾರೆ. ಜೋಡಿಯಾಗಿ ತಿರುಗುವ ಎರಡು ಗಿಯರುಗಳ ಹಲ್ಲಿನ ಸಂಖ್ಯೆ ಬೇರೆ ಇರಬಹುದು, ಮಾಡ್ಯೂಲ್ ಮಾತ್ರ ಒಂದೇ ಆಗಿರಲೇಬೇಕು.

ಕಂಡುಹಿಡಿಯುವ ರೀತಿ ಸುಲಭ:

– ಗಿಯರಿನ ಹಲ್ಲು ಎಣಿಸಿರಿ. ಎಣಿಸಲು ಶುರು ಮಾಡಿದ ಹಲ್ಲಿಗೆ ಸುಣ್ಣದ ಗುರುತು ಹಾಕಿರಿ.
– ಹಲ್ಲಿನ ತುದಿಯಿಂದ ಎದುರು ಹಲ್ಲಿನ ತುದಿಯವರೆಗೆ ಮಿಲಿಮೀಟರಿನಲ್ಲಿ ಅಳೆಯಿರಿ. ವರ್ನಿಯರ್ ಕ್ಯಾಲಿಪರ್ ಇದ್ದರೆ ಉತ್ತಮ.
– ಹಲ್ಲಿನ ಸಂಖ್ಯೆಗೆ 2 ಕೂಡಿಸಿರಿ. ಅಳತೆಯನ್ನು ಅದರಿಂದ ಭಾಗಿಸಿರಿ. ಬಂದ ಉತ್ತರವೇ ಮಾಡ್ಯೂಲ್.

18 ಹಲ್ಲು, ಅಳತೆ 40 ಮಿ.ಮೀ. ಎಂದಾದರೆ 40 ಭಾಗಿಸು 20 = 2. ಇದು 2 ಮಾಡ್ಯೂಲ್ ಗಿಯರ್. ಅಂಗಡಿಯಲ್ಲಿ ಸಾಮಾನ್ಯವಾಗಿ 1, 1.5, 2, 2.5, 3 ಹೀಗೆ ಸಿಗುತ್ತವೆ.

ಈಗ ಕಥೆಗೆ ಬರೋಣ. ಆ ಸಂಘದ ದೊಡ್ಡ ಗಿಯರಿಗೆ 72 ಹಲ್ಲು, ಅಳತೆ ಸುಮಾರು 156.6 ಮಿ.ಮೀ. ಅದನ್ನು 74ರಿಂದ ಭಾಗಿಸಿದರೆ 2 ಬರುವುದಿಲ್ಲ, 2.12 ಬರುತ್ತದೆ. ಅಂದರೆ ಅದು ಮಾಡ್ಯೂಲ್ ಗಿಯರೇ ಅಲ್ಲ. ಹಳೇ ಇಂಚಿನ ಲೆಕ್ಕದ ‘ಡಿ.ಪಿ.’ ಗಿಯರ್. 25.4ನ್ನು 2.12ರಿಂದ ಭಾಗಿಸಿದರೆ ಹತ್ತಿರ ಹತ್ತಿರ 12, ಆದ್ದರಿಂದ 12 ಡಿ.ಪಿ. ಅದಕ್ಕೆ ಹೊಂದುವ 18 ಹಲ್ಲಿನ ಗಿಯರ್ 42.3 ಮಿ.ಮೀ. ಇರಬೇಕಿತ್ತು. ಸಿಕ್ಕಿದ್ದು 40 ಮಿ.ಮೀ. ಕಣ್ಣಿಗೆ ಕಾಣದಷ್ಟು ವ್ಯತ್ಯಾಸ, ಆದರೆ ಹಲ್ಲು ಒಂದರೊಳಗೊಂದು ಪೂರ್ತಿ ಇಳಿಯಲಿಲ್ಲ. ತುದಿಗೆ ತುದಿ ತಾಗಿ ಮುರಿದವು.

ಇನ್ನೊಂದು ವಿಷಯ: ಹಲ್ಲಿನ ಓರೆ ಈಗಿನ ಗಿಯರುಗಳಲ್ಲಿ 20 ಡಿಗ್ರಿ, ಕೆಲವು ಹಳೇ ಗಿಯರುಗಳಲ್ಲಿ 14½ ಡಿಗ್ರಿ. ಇವೆರಡನ್ನೂ ಜೋಡಿ ಮಾಡಬಾರದು. ಅದಕ್ಕೇ ಅಂಗಡಿಗೆ ಹೋಗುವಾಗ ಮುರಿದ ಗಿಯರ್ ಒಂದನ್ನೇ ಅಲ್ಲ, ಜೋಡಿಯನ್ನೂ ಒಯ್ಯಿರಿ.

3. ಯಾವ ಉಕ್ಕು?

ಎರಕದ ಕಬ್ಬಿಣ ಏಟು ತಡೆಯದು, ಚಟ್ಟನೆ ಮುರಿಯುತ್ತದೆ. ಎಂ.ಎಸ್. ಎನ್ನುವ ಮೆತ್ತನೆ ಉಕ್ಕು ಮುರಿಯುವುದಿಲ್ಲ, ಆದರೆ ಬೇಗ ಸವೆಯುತ್ತದೆ. ನಮ್ಮಂಥ ಸಣ್ಣ ಯಂತ್ರಗಳಿಗೆ ‘ಇ.ಎನ್. 8’ ಎಂಬ ಉಕ್ಕು ಸಾಕು. ಅದರಲ್ಲಿ ನೂರಕ್ಕೆ ಸುಮಾರು 0.4 ಭಾಗ ಇಂಗಾಲ ಇರುವುದರಿಂದ ಕಾಯಿಸಿ ತಣಿಸಿ ಗಡಸು ಮಾಡಬಹುದು. ‘ಇ.ಎನ್. 24’ ಇನ್ನೂ ಬಲವಾದದ್ದು, ಬೆಲೆಯೂ ಹೆಚ್ಚು. ದೊಡ್ಡ ಭಾರದ ಯಂತ್ರಕ್ಕೆ ಅದು.

ಸಣ್ಣ ಗಿಯರನ್ನು ಗಡಸು ಮಾಡಿಸಲೇಬೇಕು. ಯಾಕೆ? ದೊಡ್ಡದು ಒಂದು ಸುತ್ತು ಬರುವಷ್ಟರಲ್ಲಿ ಸಣ್ಣದು ನಾಲ್ಕು ಸುತ್ತು ಬರುತ್ತದೆ, ಅದರ ಪ್ರತಿ ಹಲ್ಲಿಗೂ ನಾಲ್ಕು ಪಟ್ಟು ದುಡಿಮೆ. ಮನೆಯಲ್ಲಿ ಹೆಚ್ಚು ಓಡಾಡುವವರೇ ಬೇಗ ಸೊರಗುವುದು, ಅಲ್ಲವೇ?

ಗಡಸು ಇದೆಯೋ ಇಲ್ಲವೋ ನೋಡಲು ಹಲ್ಲಿನ ಅಂಚಿಗೆ ಅರ (ಕಾನಸು) ಹಾಕಿ ಉಜ್ಜಿಸಿ. ಅರ ಜಾರಿದರೆ ಗಡಸು, ಕಚ್ಚಿ ಪುಡಿ ಉದುರಿದರೆ ಮೆತ್ತಗೆ. ಹಲ್ಲಿನ ಮೈ ಗಡಸಾಗಿದ್ದು ಒಳಗೆ ಸ್ವಲ್ಪ ಮೆತ್ತಗಿರಬೇಕು. ಒಳಗೂ ಹೊರಗೂ ಪೂರ್ತಿ ಗಡಸಾದರೆ ಗಾಜಿನಂತೆ ಒಡೆಯುತ್ತದೆ.

ಮುರಿದ ಹಲ್ಲಿಗೆ ವೆಲ್ಡಿಂಗ್ ಮಾಡಿಸಿ ಅರದಿಂದ ತೀಡಿಸುವುದು ಒಂದೆರಡು ದಿನದ ಉಪಾಯ ಮಾತ್ರ. ಅಕ್ಕಪಕ್ಕದ ಹಲ್ಲನ್ನೂ ಅದು ಕೆಡಿಸುತ್ತದೆ.

4. ಅಗಲ, ಹಲ್ಲಿನ ಸಂಖ್ಯೆ, ತೂತು

– ಹಲ್ಲಿನ ಅಗಲ ಮಾಡ್ಯೂಲಿನ 8ರಿಂದ 12 ಪಟ್ಟು ಇರಲಿ. 2 ಮಾಡ್ಯೂಲ್ ಆದರೆ 16ರಿಂದ 24 ಮಿ.ಮೀ. ಅಗ್ಗಕ್ಕೆ ಸಿಗುತ್ತದೆಂದು 10 ಮಿ.ಮೀ. ತಂದರೆ ಬೇಗ ಸವೆಯುತ್ತದೆ.
– ಸಣ್ಣ ಗಿಯರಿಗೆ 17ಕ್ಕಿಂತ ಕಡಿಮೆ ಹಲ್ಲು ಬೇಡ. ಕಡಿಮೆಯಾದರೆ ಕೊರೆಯುವಾಗಲೇ ಹಲ್ಲಿನ ಬುಡ ತೆಳ್ಳಗಾಗುತ್ತದೆ.
– ನಡುವಿನ ತೂತು ಶಾಫ್ಟಿಗೆ ಬಿಗಿಯಾಗಿ ಕೂರಬೇಕು. ಬರೀ ಸ್ಕ್ರೂ ಬಿಗಿದರೆ ಜಾರುತ್ತದೆ. ಕೀ ಹಾಕುವ ಗಾಡಿ ಇರಲೇಬೇಕು.

5. ಜೋಡಿಸುವಾಗ

ಎರಡು ಶಾಫ್ಟುಗಳ ನಡುವಿನ ದೂರಕ್ಕೂ ಲೆಕ್ಕ ಇದೆ: ಎರಡೂ ಗಿಯರಿನ ಹಲ್ಲು ಕೂಡಿಸಿ, ಮಾಡ್ಯೂಲಿನಿಂದ ಗುಣಿಸಿ, ಅರ್ಧ ಮಾಡಿ. 18 ಕೂಡಿಸು 72 = 90. ಅದಕ್ಕೆ 2 ಮಾಡ್ಯೂಲ್, 180. ಅರ್ಧ ಮಾಡಿದರೆ 90 ಮಿ.ಮೀ.

ಬಿಗಿ ನೋಡಲು ಎರಡು ಹಲ್ಲಿನ ನಡುವೆ ನೋಟ್‌ಬುಕ್ಕಿನ ಕಾಗದದ ಪಟ್ಟಿ ಇಟ್ಟು ಕೈಯಿಂದ ತಿರುಗಿಸಿ. ಕಾಗದ ಮಡಿಕೆ ಬಿದ್ದು ಹೊರಬಂದರೆ ಸರಿ. ಹರಿದರೆ ಬಿಗಿ ಹೆಚ್ಚು, ಮಡಿಕೆಯೇ ಬೀಳದಿದ್ದರೆ ಸಡಿಲ. ಆಮೇಲೆ ಒಂದೆರಡು ಹಲ್ಲಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚಿ ತಿರುಗಿಸಿ. ಬಣ್ಣ ಎದುರು ಹಲ್ಲಿನ ನಡುಭಾಗಕ್ಕೆ ಹತ್ತಬೇಕು. ಒಂದೇ ಅಂಚಿಗೆ ಹತ್ತಿದರೆ ಶಾಫ್ಟ್ ಓರೆಯಾಗಿದೆ ಎಂದು ಅರ್ಥ. ನೋಡಿದ ಮೇಲೆ ಒರೆಸಿಬಿಡಿ.

ಬೆಲ್ಟನ್ನು ತೀರ ಬಿಗಿ ಮಾಡಬೇಡಿ. ಹಿಟ್ಟು ಸಿಕ್ಕಿಕೊಂಡಾಗ ಬೆಲ್ಟ್ ಜಾರಿದರೆ ಹಲ್ಲು ಉಳಿಯುತ್ತದೆ.

6. ಜೀವ ಮೊದಲು

ಗಿಯರಿಗೆ ತಗಡಿನ ಮುಚ್ಚಳ ಇಲ್ಲದೆ ಯಂತ್ರ ಶುರು ಮಾಡಲೇಬಾರದು. ಸೆರಗು, ಜಡೆ, ಬಳೆ, ಮಕ್ಕಳ ಬೆರಳು ಇವನ್ನು ಗಿಯರ್ ಒಮ್ಮೆ ಹಿಡಿದರೆ ಬಿಡುವುದಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಡೆ ಮೇಲೆ ಕಟ್ಟಿ. ಗ್ರೀಸ್ ಹಚ್ಚುವ ಮೊದಲು ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಿ. ಗ್ರೀಸ್ ಹಿಟ್ಟಿಗೆ ತಾಗದಂತೆ ನೋಡಿಕೊಳ್ಳಿ. ತಿನ್ನುವ ಪದಾರ್ಥದ ಯಂತ್ರಕ್ಕೆ ಆಹಾರ ಯಂತ್ರಗಳ ಗ್ರೀಸನ್ನೇ ಕೇಳಿ ತನ್ನಿ.

ನಡಾವಳಿ ಪುಸ್ತಕದಲ್ಲಿ ಬರೆದಿಡಿ

ಯಂತ್ರ ಚೆನ್ನಾಗಿರುವಾಗಲೇ ಎರಡೂ ಗಿಯರಿನ ಹಲ್ಲಿನ ಸಂಖ್ಯೆ, ಹೊರ ಅಳತೆ, ಮಾಡ್ಯೂಲ್ ಅಥವಾ ಡಿ.ಪಿ., ಅಗಲ, ತೂತು, ಕೀ ಅಳತೆ, ಯಾವ ಉಕ್ಕು ಎಂದು ಬರೆದಿಡಿ. ಅಂಗಡಿಯವರ ಬಿಲ್ಲಿನಲ್ಲೂ ಇದನ್ನೇ ಬರೆಸಿಕೊಳ್ಳಿ. ಆಗ “ಹೊಂದತೈತ್ರಿ” ಎಂಬ ಬಾಯಿಮಾತನ್ನು ನಂಬಿ ಬರಬೇಕಾಗಿಲ್ಲ. ಮದುವೆ ಕಾಲ ಶುರುವಾಗುವ ಮುಂಚೆ ಒಂದು ಸಣ್ಣ ಗಿಯರ್ ಹೆಚ್ಚಿಗೆ ತಂದಿಟ್ಟರೆ ಇನ್ನೂ ಒಳ್ಳೆಯದು.

ಸಭೆಯಲ್ಲಿ ಚರ್ಚಿಸಿರಿ

1. ನಮ್ಮ ಯಂತ್ರದ ಗಿಯರ್ ಅಳತೆ ನಮ್ಮಲ್ಲಿ ಯಾರಿಗೆ ಗೊತ್ತಿದೆ?
2. ಒಂದು ಗಿಯರಿಗೆ 20 ಹಲ್ಲು, ಹೊರ ಅಳತೆ 55 ಮಿ.ಮೀ. ಮಾಡ್ಯೂಲ್ ಎಷ್ಟು? (ಉತ್ತರ: 55 ಭಾಗಿಸು 22 = 2.5)
3. ನಮ್ಮ ಯಂತ್ರಕ್ಕೆ ಮುಚ್ಚಳ ಇದೆಯೇ? ಇಲ್ಲದಿದ್ದರೆ ಯಾವ ದಿನದೊಳಗೆ ಮಾಡಿಸೋಣ, ಯಾರ ಜವಾಬ್ದಾರಿ?

ಮೂರನೆಯ ಪ್ರಶ್ನೆಗೆ ಇಂದೇ ನಿರ್ಣಯ ಬರೆದು ಎಲ್ಲರೂ ಸಹಿ ಮಾಡಿರಿ.